ಮೂರು ಕಡ್ಡಿ ಚಾರ್ಜು

ಅಡಿವೆವ್ವ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಆದ್ರ ಎಣಿಕಿ ವಿಷಯಕ್ಕ ಅಬಲೂರಾಗ ಅಕಿ ಮುಂದ ಯಾರೂ ನಿಲ್ಲತಿರಲಿಲ್ಲ. ಬುಟ್ಟ್ಯಾಗಿನ ರೊಟ್ಟಿ, ಕೋಳಿ ಕೆಳಗಿನ ತತ್ತಿ, ಒಲಿ ಮುಂದಿನ ಕುಳ್ಳು, ಎಲ್ಲಾ ಅಕಿ ಕಣ್ಣಾಗ ಇರ್ತಿದ್ದವು. "ನಾ ಅಕ್ಷರ ಕಲ್ತಿಲ್ಲವಾ, ಎಣಿಕಿ ಕಲ್ತೇನಿ" ಅಂತ ದಿನಕ್ಕೊಮ್ಮೆ ಯಾರಿಗರೆ ಹೇಳಿದ್ರನ ಅಕಿಗೆ ಉಂಡದ್ದು ಮೈಗೆ ಹತ್ತತಿತ್ತು. ಇಂಥಾಕಿ ಕೈಯಾಗ ಸೊಸಿ ಗಾಡಿಗೆ ಚಾರ್ಜ್ ಹಚ್ಚೂ ಕೆಲಸ ಕೊಟ್ಟದ್ದು ಮಗ ಕೊಟ್ರೇಶನ ತಪ್ಪು.

ಆ ಗಾಡಿ ಅಂದ್ರ ಅತ್ತ ಸೈಕಲ್ಲೂ ಅಲ್ಲ, ಇತ್ತ ಬೈಕೂ ಅಲ್ಲ. ಪೆಡಲ್ ಐತಿ, ತುಳಿಯೂದು ಬೇಕಾಗಿಲ್ಲ. ಕರೆಂಟ ಕುಡದು ಓಡತೈತಿ. ಗಾಲಿ ಮಾತ್ರ ದಪ್ಪ ಅಂದ್ರ ದಪ್ಪ, ಊದಿದ ತೊಟ್ಟಿಲ ದಿಂಬಿನಂಗ. ಸೊಸಿ ರಂಜನಾ ಪಶು ಸಖಿ. ಹಿರೇಕೆರೂರ ದನದ ದವಾಖಾನಿಗೆ ಹೋಗಿ, ಬರ್ಫಿನ ಡಬ್ಬ್ಯಾಗ ಲಸಿಕಿ ಇಸ್ಕೊಂಡು, ಬರೂ ದಾರ್ಯಾಗ ಹೊಲದ ಮನಿಗೋಳಿಗೆ ಹೋಗಿ ಆಡು, ಎಮ್ಮಿ ನೋಡಿ ಬರೂದು ಅಕಿ ಕೆಲಸ. ಎರಿ ಹೊಲದ ದಾರಿ ಅದು. ನಾಕು ಹನಿ ಬಿದ್ರ ಸಾಕು, ಬ್ಯಾರೆ ಗಾಡಿ ಗಾಲಿಗೆ ಮಣ್ಣು ಮೆತ್ತಿ ನಿಂತ ಬಿಡ್ತಾವು. ಇದು ನಿಲ್ಲತಿರಲಿಲ್ಲ. ಮ್ಯಾಲ ಸಪ್ಪಳನೂ ಇಲ್ಲ. ಹೋದ್ರ ಎಮ್ಮಿ ಬೆದರೂದಿಲ್ಲ, ಡಬ್ಬ್ಯಾಗಿನ ಬಾಟ್ಲಿ ಕುಲುಕೂದಿಲ್ಲ. ಓಣಿ ಹೆಣ್ಮಕ್ಕಳು ಬಂದು ಮುಟ್ಟಿ ಮುಟ್ಟಿ ನೋಡಿದ್ರು, ಬಾಜೂಮನಿ ಮಾದೇವಿಯಂತೂ ಎರಡು ಸುತ್ತು ಹೊಡಸ್ಕೊಂಡು ಬಂದಿದ್ಳು.

ಅಡಿವೆವ್ವಗ ಮಾತ್ರ ಅದರ ಮಾರಿ ಕಂಡ್ರ ಆಗತಿರಲಿಲ್ಲ. ಸಪ್ಪಳ ಮಾಡದ ಗಾಡಿನ್ನ ನಂಬೂದು ಹ್ಯಾಂಗ? ಎತ್ತಿಗೆ ಗೆಜ್ಜಿ ಕಟ್ಟೂದು ಯಾಕ ಮತ್ತ, ಎಲ್ಲೈತಿ ಅಂತ ಮನ್ಯಾಗಿದ್ದವರಿಗೆ ತಿಳೀಲಿ ಅಂತ ಅಲ್ಲೇನು?

ಖರೇ ಹೇಳಬೇಕಂದ್ರ ಅಕಿ ಸಿಟ್ಟಿನ ಬೇರು ಆ ಎತ್ತಿನ್ಯಾಗ ಇತ್ತು. ಜೋಡಿ ಎತ್ತಿನಾಗ ಒಂದು ಹೋದ ವರ್ಷ ಸತ್ತಿತ್ತು. ಹೊಲಕ್ಕ ಹೆಂಗೂ ಟ್ರ್ಯಾಕ್ಟರ್ ಬರ್ತೈತಿ, ಒಂಟಿ ಎತ್ತು ಕಟ್ಕೊಂಡು ಏನು ಮಾಡೂದು ಅಂತ ಉಳಿದ ಕೆಂದ್ಯಾನ್ನ ಹಿರೇಕೆರೂರ ಹಾದ್ಯಾಗಿನ ಖಾದರಸಾಬಗ ಮಾರಿದ್ರು. ಅವನ ಬಂಡಿಗೂ ಒಂದು ಎತ್ತು ಕಡಿಮಿ ಬಿದ್ದಿತ್ತು. ಆ ರೊಕ್ಕಕ್ಕ ಮತ್ತಷ್ಟು ಕೂಡಿಸಿ ಈ ಗಾಡಿ ಬಂತು. ಕೆಂದ್ಯಾನ್ನ ಬಿಚ್ಚಿದ ದಿನ ಅಡಿವೆವ್ವ ಹಗ್ಗ ಕೊಡಲಿಲ್ಲ. ಮಾರಿದ ದನದ ಬೆನ್ನಿಗೆ ಹಗ್ಗ ಕಳಸೂದಿಲ್ಲ, ಅದು ಪದ್ಧತಿ. ಆ ಹಗ್ಗಾನ ಮೇವು ಹಾಕೂ ಗ್ವಾದ್ಲಿ ಮ್ಯಾಲಿನ ಗೂಟಕ್ಕ ಸುತ್ತಿ, ಗಂಡ, ಮಗ, ಸೊಸಿ ಮೂರೂ ಮಂದಿಗೆ ಹೇಳಿದ್ಳು: "ಇನ್ನ ಮ್ಯಾಲ ಅದರ ಹೆಸರು ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ. ಎತ್ತಿದ್ರ ನನ್ನಾಣಿ."

ಯಾರೂ ಎತ್ತಲಿಲ್ಲ. ಆರು ತಿಂಗಳಾತು.

ಈಗ ಸಂಶೇದ ಮಾತು. ಗಾಡಿ ಹ್ಯಾಂಡಲ್ ನಡುವ ಒಂದು ಸಣ್ಣ ಗಾಜು ಐತಿ, ಅದರಾಗ ಐದು ಹಸರ ಕಡ್ಡಿ. ಮುಂಜಾನಿ ಐದೂ ಇರ್ತಾವು. ಹಿರೇಕೆರೂರಿಗೆ ಹೋಗಿ ಬಂದ್ರ ಮೂರು ಹೋಗಿ ಎರಡು ಉಳಿತಾವು. ಆರು ತಿಂಗಳು ಇದ ಲೆಕ್ಕ. ಆದ್ರ ಹದಿನೈದು ದಿನ ಆತು, ಒಂದ ಉಳಿಯಾಕತ್ತಿತ್ತು. ಮೊದಲನೇ ದಿನ ಅಡಿವೆವ್ವ ಕಣ್ಣೊರಸ್ಕೊಂಡು ನೋಡಿದ್ಳು. ಮೂರನೇ ದಿನ ಒಂದು ಕಡ್ಡಿ ಎಲ್ಲೋ ಸೋರಾಕತ್ತೈತಿ ಅಂತ ಖಾತ್ರಿ ಆತು.

"ಎಲ್ಲೆರೆ ಸುತ್ತುಹೊಡದು ಬಂದ್ಯೇನ?" ಅಂತ ಕೇಳಿದ್ಳು.

"ಇಲ್ರಿ ಅತ್ತಿ. ದವಾಖಾನಿ, ಹೊಲದ ಮನಿ, ಮತ್ತ ಇಲ್ಲಿ," ಅಂದ್ಳು ರಂಜನಾ. ಅಂದಾಕಿ ನೆಲ ನೋಡಿದ್ಳು. ಅದನ್ನೂ ಅಡಿವೆವ್ವ ಎಣಿಕ್ಯಾಗ ಹಿಡದ್ಳು.

ಆಮ್ಯಾಲ ರೊಟ್ಟಿ. ಮುಂಜಾನಿ ಹನ್ನೆರಡು ಬಡದು ಬುಟ್ಟ್ಯಾಗ ಮುಚ್ಚಿಟ್ಟ ರೊಟ್ಟಿ, ರಂಜನಾ ಹೋದ ಮ್ಯಾಲ ಎಣಿಸಿದ್ರ ಹತ್ತು. ಮರುದಿನಾನೂ ಹತ್ತು. ಆಮ್ಯಾಲ ಹಿಂದಿನ ಸೀಟು. ಗಾಡಿ ಮೈಯೆಲ್ಲ ಧೂಳು, ಆದ್ರ ಹಿಂದಿನ ಸೀಟು ಒಂದ ಒರಿಸಿಟ್ಟಂಗ ಫಳಫಳ ಅನ್ನತಿತ್ತು. ಲಸಿಕಿ ಡಬ್ಬಿ ಮುಂದ ಕುಂದರತೈತಿ. ಹಂಗಾದ್ರ ಹಿಂದ ಕುಂದ್ರಾಂವ ಯಾರು?

ಹೆಂಗಸಿನ ಮನಸ್ಸು ಒಮ್ಮೆ ಆ ದಾರಿ ಹಿಡೀತಂದ್ರ ಮುಗೀತು. ಅಡಿವೆವ್ವನ ಕಣ್ಣಿಗೆ ಅಂವ ಕಾಣಾಕತ್ತಿದ. ಜೀನ್ಸ್ ಪ್ಯಾಂಟ, ಎಣ್ಣಿ ಹಚ್ಚಿದ ಕೂದಲ, ಬಾಯಾಗ ತನ್ನ ಕೈಯಾರೆ ಬಡದ ರೊಟ್ಟಿ.

ಗಂಡ ಪರಮೇಶಪ್ಪನ ಮುಂದ ಹೇಳಿದ್ಳು. ಮೊಣಕಾಲು ಹಿಡದು ಕುಂತ ಮುದುಕ, ಮಜ್ಜಿಗಿ ಕುಡಿಯಾಂವ ನೆತ್ತಿಗೇರಿಸ್ಕೊಂಡು ಕೆಮ್ಮಿದ.

"ಕಡ್ಡಿ ಎಣಿಸಿ ಸೊಸಿನ್ನ ಅಳಿತಾರೇನ. ಸುಮ್ನಿರ," ಅಂದ.

"ನಿಮಗೇನು ತಿಳಿತೈತ್ರಿ? ಮುಂಜಾನಿ ಎದ್ದು ಗುಡಿ ಕಟ್ಟಿಗೆ ಹೋಗಿ ಕುಂತ್ರ ಹೊತ್ತು ಇಳದ ಮ್ಯಾಲ ಬರ್ತೀರಿ. ಮನಿ ಸುಡತಿದ್ರೂ ನಿಮಗ ಹೊಗಿ ಕಾಣೂದಿಲ್ಲ."

ಪರಮೇಶಪ್ಪ ಗೋಡಿ ಕಡೆ ಮಾರಿ ತಿರಗಿಸಿದ. ಇಂಥ ಭೋಳೆ ಮನಷ್ಯಾನ ಕಟ್ಕೊಂಡು ನಲವತ್ತು ವರ್ಷ ಬಾಳೇವು ಮಾಡೇನಿ ಅಂತ ಅಡಿವೆವ್ವ ತನ್ನಷ್ಟಕ್ಕ ತಾ ಗೊಣಗಿದ್ಳು.

ಮಾದೇವಿ ಫೋನಿಲೆ ಮಗಗ ಹಚ್ಚಿಸಿದ್ಳು. ಕೊಟ್ರೇಶ ಶಿಗ್ಗಾಂವ ಕಾಳಿನ ಪ್ಯಾಟ್ಯಾಗ ಚೀಲ ತೂಗೂ ಕೆಲಸಕ್ಕಿದ್ದ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರ್ತಿದ್ದ. "ನಾಳೆನ ಬಾ. ಫೋನಿನ್ಯಾಗ ಹೇಳೂ ಮಾತಲ್ಲ," ಅಂದ್ಳು. ಮಗ ಬಂದ ಕೂಡಲೇ ಗಾಡಿ ಕೀಲಿ ಇಸ್ಕೊಳ್ಳಬೇಕು, ಸೊಸಿನ್ನ ಕೆಲಸ ಬಿಡಿಸಿ ಮನ್ಯಾಗ ಕುಂದ್ರಸಬೇಕು. ಅದಕ್ಕೂ ಒಪ್ಪಲಿಲ್ಲಂದ್ರ ಹಾನಗಲ್ಲಿನ ತವರಿಗೆ ಕಳಸಬೇಕು. ಅಷ್ಟೂ ಅಕಿ ತಲ್ಯಾಗ ತಯಾರಿತ್ತು. ಬೇಕಾಗಿದ್ದು ಒಂದ ಪುರಾವೆ.

ಅವತ್ತ ಸಂಜಿಕ ಚಾರ್ಜ್ ಹಚ್ಚಿ, ಗಾಡಿ ಮುಂದನ ಕುಂತ್ಳು. ಒಂದು ಕಡ್ಡಿ ಎರಡಾತು. ಎರಡು ಮೂರಾತು. ಮೂರನೇದು ಗಟ್ಟಿಯಾಗಿ ನಿಂತ ಕೂಡಲೇ ಪ್ಲಗ್ ಕಿತ್ತಿದ್ಳು. ಇದರಾಗ ಅನ್ಯಾಯ ಏನಿಲ್ಲ ಅಂತ ಅಕಿ ಲೆಕ್ಕ. ಹೋಗಿ ಬರಾಕ ಮೂರು ಸಾಕು. ನಿಯತ್ತಿಲೆ ಹೋದಾಕಿ ನಿಯತ್ತಿಲೆ ಮನಿ ಮುಟ್ಟತಾಳ. ಬ್ಯಾರೆ ಕಡೆ ತಿರಗಿದ್ರ ನಡುದಾರ್ಯಾಗ ನಿಂತು ಸಿಗತಾಳ.

ಮುಂಜಾನಿ ರಂಜನಾ ಗಾಜು ನೋಡಿ ಹಂಗ ನಿಂತ್ಳು. "ಅತ್ತಿ, ರಾತ್ರಿ ಕರೆಂಟ ಹೋಗಿತ್ತೇನ್ರಿ?"

"ಹೂಂನವಾ, ಹೋಗಿತ್ತು," ಅಂದ್ಳು ಅಡಿವೆವ್ವ, ಹಿಟ್ಟು ನಾದಕೋತ.

ಪರಮೇಶಪ್ಪ ಆಗಲೇ ಕೋಲು ಹಿಡದು ಕಟ್ಟಿಗೆ ಹೊಂಟುಹೋಗಿದ್ದ. ರಂಜನಾ ಒಂದು ಗಳಿಗಿ ಏನೋ ವಿಚಾರ ಮಾಡಿ, ಡಬ್ಬಿ ಇಟ್ಕೊಂಡು ಹೋದ್ಳು. ಬುಟ್ಟಿ ತಗದು ನೋಡಿದ್ರ ರೊಟ್ಟಿ ಹತ್ತ.

ಮಧ್ಯಾನ ಕೊಟ್ರೇಶ ಬಸ್ಸಿಳದು ಬಂದ. ಅವನ ಬೆನ್ನಿಗೆ ಮಳಿನೂ ಬಂತು. ದಿನಾ ಎರಡಕ್ಕ ಬರಾಕಿ ರಂಜನಾ ಮೂರಾದ್ರೂ ಬರಲಿಲ್ಲ, ಫೋನ್ ಹತ್ತಲಿಲ್ಲ. ಅಡಿವೆವ್ವಗ ಒಂದು ನಮೂನಿ ಖುಷಿ ಆಗಿತ್ತು, ಸುಳ್ಳ್ಯಾಕ ಹೇಳಬೇಕು. ಮಗನ್ನ ಮುಂದ ಕುಂದ್ರಿಸ್ಕೊಂಡು ಕಡ್ಡಿ, ರೊಟ್ಟಿ, ಸೀಟು, ಒಂದೊಂದ ಬೆರಳು ಮಡಚಿ ಹೇಳಿದ್ಳು. ಕೊಟ್ರೇಶನ ಮಾರಿ ಇಳೀತು. ಅಂವ ಹೆಂಡತಿನ್ನ ಬೈಲಿಲ್ಲ, ತಾಯಿನ್ನೂ ಬೈಲಿಲ್ಲ.

"ಅಪ್ಪನ್ನ ಕರಕೊಂಡು ಬರ್ತೇನಿ, ಮಳ್ಯಾಗ ಕುಂತಿರ್ತಾನ," ಅಂತ ಎದ್ದು ಹೋದ. ತಿರಗಿ ಬಂದಾಗ ಒಬ್ಬನ ಬಂದ.

"ಅಪ್ಪ ಅಲ್ಲಿಲ್ಲವಾ. ಕಟ್ಟಿ ಮ್ಯಾಲ ಉಳಿವೆಪ್ಪ ಕಾಕಾ ಇದ್ದ. ಅಪ್ಪ ಅಲ್ಲಿ ಕುಂದ್ರೂದು ಬಿಟ್ಟು ಹದಿನೈದು ದಿನ ಆತಂತ."

ಹದಿನೈದು ದಿನ. ಈ ಎಣಿಕಿ ಅಡಿವೆವ್ವಗ ತಪ್ಪಿತ್ತು.

ಆವಾಗ ಗೆಜ್ಜಿ ಸಪ್ಪಳ ಕೇಳಿಸ್ತು. ಓಣಿ ತುದಿಯಿಂದ ಒಂದು ಬಂಡಿ ಬರಾಕತ್ತಿತ್ತು. ಬಂಡ್ಯಾಗ ಅಡ್ಡ ಮಲಗಿಸಿದ ಆ ದಪ್ಪ ಗಾಲಿ ಗಾಡಿ, ಅದರ ಬಾಜೂಕ ತಲಿಮ್ಯಾಲ ಗೋಣಿಚೀಲ ಹೊತ್ಕೊಂಡು ನಡುಗಕೋತ ಕುಂತ ಪರಮೇಶಪ್ಪ. ಹಿಂದ ಮೊಣಕಾಲ ತನ ಕೆಸರಾಗಿ ರಂಜನಾ ನಡಕೊಂಡು ಬರ್ತಿದ್ಳು, ಲಸಿಕಿ ಡಬ್ಬಿ ಎದಿಗೆ ಅವಚಿಕೊಂಡು. ಬಂಡಿ ಹೊಡಿಯಾಂವ ಖಾದರಸಾಬ. ಅಂವ ಹಗ್ಗ ಜಗ್ಗೂಕಿಂತ ಮೊದಲನ ಬಲಗಡೆ ಎತ್ತು ತಾನ ಹೊರಳಿ, ಜೋಡಿ ಎತ್ತನ್ನೂ ಎಳಕೊಂಡು ಇವರ ಅಂಗಳಕ್ಕ ಬಂದು ನಿಂತಿತು. ನಿಂತು, ಬಾಗಲದಾಗ ಮಾರಿ ಹಾಕಿ ಅಡಿವೆವ್ವನ ಕೈ ನೋಡಿತು. ಆರು ತಿಂಗಳ ಹಿಂದಿನ ತನ ದಿನಾ ರೊಟ್ಟಿ ಇಸ್ಕೊಂತಿದ್ದ ಜಾಗ ಅದು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಅಂದ ಖಾದರಸಾಬ ಕೆಳಗಿಳದು. "ಹದಿನೈದು ದಿನದ ಹಿಂದ ಇದಕ್ಕ ಜ್ವರ ಬಂದು ಮೇವು ಬಿಟ್ಟಿತ್ರಿ. ಡಾಕ್ಟರ ಸೂಜಿ ಹಾಕಿದ್ರು, ಜ್ವರ ಇಳೀತು, ಆದ್ರ ಹುಲ್ಲು ಮೂಸಿ ಸೈತ ನೋಡವಲ್ದು. ನಿಮ್ಮ ಸೊಸಿನ ಉಪಾಯ ಮಾಡಿದ್ಳು. ದಿನಾ ಮಾವಾರನ್ನ ಹಿಂದ ಕುಂದ್ರಿಸ್ಕೊಂಡು ಬರ್ತಾಳ, ಅವರು ನಿಮ್ಮ ರೊಟ್ಟಿ ತಿನಸ್ತಾರ. ಆ ರೊಟ್ಟಿ ತಿಂದ ಮ್ಯಾಲ ಮೇವಿಗೆ ಬಾಯಿ ಹಾಕತೈತಿ. ಇವತ್ತ ಬ್ಯಾಟರಿ ನಮ್ಮ ಹೊಲದಿಂದ ಇತ್ತಾಗ ಸ್ವಲ್ಪ ದೂರ ಬಂದು ಕೈ ಕೊಡ್ತು. ಆ ಗಾಲಿ ತುಳದ್ರ ಹೋಗ್ತಾವೇನ್ರಿ, ಕಲ್ಲಾಗಿರ್ತಾವು. ಮುದುಕರನ್ನ ಮ್ಯಾಲ ಕುಂದ್ರಿಸಿ ಮಳ್ಯಾಗ ನೂಕಾಕತ್ತಿದ್ಳು. ನೋಡಿ ನಾ ಬಂಡಿ ಹೂಡಿದೆ."

"ನಿನ್ನಾಣಿ ಇತ್ತಲ್ಲ," ಅಂದ ಪರಮೇಶಪ್ಪ, ಹಲ್ಲು ಕಟಕಟ ಅನಕೋತ. "ಮನ್ಯಾಗ ಹೆಸರು ಎತ್ತಬ್ಯಾಡ ಅಂದಿದ್ದಿ. ನಾನ ಅಕಿಗೆ ಹೇಳಬ್ಯಾಡ ಅಂದಿದ್ದೆ."

"ಖಾದರಸಾಬರ ಹೊಲ ದಾರಿ ಬಾಜೂಕ ಐತಿ," ಅಂದ್ಳು ಅಡಿವೆವ್ವ. "ದಾರಿ ಹೆಚ್ಚಾಗಿಲ್ಲ. ಹಂಗಾದ್ರ ಆ ಕಡ್ಡಿ..."

"ಭಾರ ಅವ್ವ," ಅಂದ ಕೊಟ್ರೇಶ. "ದಾರಿ ಅಷ್ಟ ಅಲ್ಲ, ಭಾರ ಹೊತ್ರೂ ಬ್ಯಾಟರಿ ತಿಂತೈತಿ. ಅಪ್ಪನ ಭಾರ ಅದು."

ಹೇರಿದ ಬಂಡಿ ಎಳದ ದಿನ ಎತ್ತಿಗೆ ಒಂದು ಹಿಡಿ ಹಿಂಡಿ ಹೆಚ್ಚಿಗಿ ಇಡಬೇಕು ಅಂತ ನಲವತ್ತು ವರ್ಷ ಮಂದಿಗೆ ಹೇಳಕೋತ ಬಂದಾಕಿ ಅಡಿವೆವ್ವ.

"ಆದ್ರ ದಿನಾ ಒಂದು ಕಡ್ಡಿ ಉಳೀತಿತ್ತಲ್ಲ," ಅಂದ ಕೊಟ್ರೇಶ. "ಇವತ್ತ್ಯಾಕ ನಿಂತಿತು? ನಿನ್ನಿ ಚಾರ್ಜ್ ಹಚ್ಚಿರಲಿಲ್ಲೇನ?"

ಕರೆಂಟ ಹೋಗಿತ್ತು ಅನ್ನಬಹುದಿತ್ತು. ಮುಂಜಾನಿ ಅಂದಿದ್ಳಲ್ಲ. ಆದ್ರ ಕೆಂದ್ಯಾ ಇನ್ನೂ ಅಕಿ ಕೈ ನೋಡಕೋತ ನಿಂತಿತ್ತು.

"ಹಚ್ಚಿದ್ದೆ," ಅಂದ್ಳು. "ಮೂರು ಕಡ್ಡಿಗೆ ನಾನ ಕಿತ್ತೆ. ಇಕಿ ಎಲ್ಲಿ ಹೋಗ್ತಾಳ ನೋಡೂಣು ಅಂತ ಕಿತ್ತೆ."

ಓಣ್ಯಾಗ ಮಾದೇವಿ, ಮತ್ತಿಬ್ಬರು ನಿಂತಿದ್ರು. ರಂಜನಾ ಅಳಲಿಲ್ಲ, ಕೂಗ್ಯಾಡಲಿಲ್ಲ. ಡಬ್ಬಿ ಕೆಳಗ ಇಳಿಸಿ, ಕೆಸರಗೈ ಸೀರಿಗೆ ಒರಸ್ಕೊಂಡು ಅತ್ತಿ ಮಾರಿ ನೋಡಿದ್ಳು.

"ಹಿಂದ ಯಾರು ಕುಂದರತಾರ ಅಂತ ಕೇಳಬೇಕಿತ್ರಿ ಅತ್ತಿ," ಅಂದ್ಳು. "ನಿಮ್ಮಾಣಿ ಮುರದು ಹೇಳತಿದ್ದೆ."

ಅಡಿವೆವ್ವಗ ನಾಚಿಕಿ ಆತು. ಹಿಂಗ ನಾಚಿಕಿ ಆಗಿದ್ದು ಅಕಿಗೆ ನೆನಪಿರಲಿಲ್ಲ. ಒಳಗ ಹೋಗಿ ಬುಟ್ಟಿನ ತಂದು, "ಬಾ ಕೆಂದ್ಯಾ" ಅಂತ ತಾನ ತನ್ನ ಆಣಿ ಮುರದ್ಳು. ಇದ್ದ ರೊಟ್ಟಿ ಅಷ್ಟೂ ಎರಡೂ ಎತ್ತಿಗೆ ತಿನಸಿದ್ಳು. ಒಂದನ್ನೂ ಎಣಿಸಲಿಲ್ಲ.

ಬಂಡಿ ಹೋತು. ಸಂಜಿಕ ಗಂಡಗ ಬಿಸಿನೀರು ಕಾಸಿಕೊಟ್ಟು, ಅಡಿವೆವ್ವ ಚಾರ್ಜರ್ ತಗೊಳ್ಳಾಕ ಗೋಡಿ ಮೊಳಿಗೆ ಕೈ ಹಾಕಿದ್ಳು. ಮೊಳಿ ಬರೇದ ಇತ್ತು. ರಂಜನಾ ಬ್ಯಾಟರಿ ಬಿಚ್ಚಿಕೊಂಡು, ಚಾರ್ಜರ್ ಸೈತ ತನ್ನ ಖೋಲಿ ಒಳಗ ಒಯ್ದು ಬಾಗಲ ಹಾಕ್ಕೊಂಡಿದ್ಳು. ಅಡಿವೆವ್ವ ಆ ಬಾಗಲ ಮುಂದ ಬಾಳೊತ್ತು ನಿಂತ್ಳು, ಬಡಿಯಾಕ ಧೈರ್ಯ ಸಾಲಲಿಲ್ಲ.

ಮುಂಜಾನಿ ಎರಡು ರೊಟ್ಟಿ ಅರಿವ್ಯಾಗ ಕಟ್ಟಿ ಗಾಡಿ ಹ್ಯಾಂಡಲ್‌ಗೆ ಹಾಕಿದ್ಳು. ಪರಮೇಶಪ್ಪ ಕಂಬಳಿ ಹೊದ್ದು ಅಂಗಳದಾಗನ ಹಿಂದಿನ ಸೀಟು ಹತ್ತಿ ಕುಂತ, ಇನ್ನ ಕಟ್ಟಿ ತನ ನಡಿಯೂ ನಾಟಕ ಬೇಕಾಗಿರಲಿಲ್ಲ. ರಂಜನಾ ಬ್ಯಾಟರಿ ಕುಂದ್ರಿಸಿ, ಕೀಲಿ ತಿರಗಿಸಿ, ಗಾಜಿನ ಮ್ಯಾಲಿನ ನೀರು ಸೆರಗಿಲೆ ಒರಿಸಿ ಅತ್ತಿ ಕಡೆ ಹೊರಳಿಸಿದ್ಳು.

"ಎಣಿಸ್ರಿ ಅತ್ತಿ," ಅಂದ್ಳು. "ಎಣಿಸಿ ಕಳಸ್ರಿ. ನಾ ಬಂದ ಮ್ಯಾಲ ಮತ್ತೊಮ್ಮೆ ಎಣಿಸ್ರಿ."

ಐದು ಹಸರ ಕಡ್ಡಿ ಅಡಿವೆವ್ವನ ಕಣ್ಣಿಗೆ ಚಂದಾಗಿ ಕಾಣಸ್ತಿದ್ದವು. ಅಕಿ ಮಾರಿ ಕೆಳಗ ಹಾಕಿದ್ಳು.

"ನನಗ ಎಣಸಾಕ ಬರೂದಿಲ್ಲವಾ," ಅಂದ್ಳು.