ಬುಡ ಯಾವುದು, ತುದಿ ಯಾವುದು

ಕಂಬವನ್ನು ಎಷ್ಟು ಸಲ ತಿರುವಿ ಹಾಕಿದರೂ ಬಡಗಿ ದುರ್ಗೇಶನಿಗೆ ಬುಡ ಯಾವುದು, ತುದಿ ಯಾವುದು ಎಂದು ತಿಳಿಯಲಿಲ್ಲ. ಹತ್ತರಿ ಹೊಡೆದ ಬೇವಿನ ಮರ ಎರಡೂ ಕೊನೆಗಳಲ್ಲಿ ಒಂದೇ ಥರ ನುಣ್ಣಗಿತ್ತು. ನಾಳೆ ಬೆಳಿಗ್ಗೆ ರೇಣುಕಮ್ಮನ ಹೊಸ ಮನೆಗೆ ಬಾಗಿಲು ನಿಲ್ಲಿಸುವ ಪೂಜೆ. ಅಷ್ಟರೊಳಗೆ ಕಂಬದ ಕೊನೆಗಳನ್ನು ಕೊರೆದು ಹೊಸ್ತಿಲಿಗೆ ಕೂರಿಸಬೇಕಿತ್ತು.

ಬಾಗಿಲವಾಡದ ಕಂಬವನ್ನು ಮರ ಬೆಳೆದಂತೆಯೇ ನಿಲ್ಲಿಸುವುದು ದುರ್ಗೇಶನ ಮನೆತನದ ಪದ್ಧತಿ. ಬುಡ ಹೊಸ್ತಿಲಿಗೆ, ತುದಿ ಆಕಾಶಕ್ಕೆ. ಅದಕ್ಕೇ ಮರ ಕೊಯ್ಯಿಸಿದ ದಿನವೇ ಬುಡದ ಕೊನೆಗೆ ಪೆನ್ಸಿಲಿನಿಂದ ಗುರುತು ಹಾಕಿಡುತ್ತಿದ್ದ. ಈ ಸಲವೂ ಹಾಕಿದ್ದ. ಆದರೆ ಇವತ್ತು ಬೆಳಿಗ್ಗೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹೊಳಲ್ಕೆರೆಯ ಗಿರಾಕಿಯೊಬ್ಬರಿಗೆ ಮಂಚ ರೆಡಿಯಾದಂತೆಯೇ ಎಂದು ಬುರುಡೆ ಬಿಡುತ್ತಾ, ಕಂಬದ ಎರಡೂ ಕೊನೆಗಳನ್ನು ಅಳತೆಗೆ ಕತ್ತರಿಸಿ ಕೆಡವಿದ್ದ. ನೆನಪಾಗಿ ಆ ತುಂಡುಗಳನ್ನು ಹುಡುಕಿದರೆ, ಅವು ಆಗಲೇ ರೇಣುಕಮ್ಮನ ಬಚ್ಚಲೊಲೆಯಲ್ಲಿ ಬೂದಿಯಾಗಿದ್ದವು. ಜೋಡಿ ಕಂಬದ ಬುಡದಲ್ಲಿ ದೊಡ್ಡದೊಂದು ಗಂಟಿತ್ತು, ಅದರ ಚಿಂತೆ ಇರಲಿಲ್ಲ. ಕಷ್ಟವೆಲ್ಲ ಇದೊಂದರದು.

"ಹೆಂಗಾದ್ರೂ ನಿಲ್ಸು ಮಾರಾಯ, ಯಾರಿಗ್ ಗೊತ್ತಾಗ್ತೈತೆ?" ಎಂದ ಗಾರೆ ಕೆಲಸದ ಕಲ್ಲೇಶ.

ಅವನು ಹೇಳಿದ್ದು ನಿಜವೇ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೇರೆಯವರ ಮನೆಯಾಗಿದ್ದರೆ ದುರ್ಗೇಶ ದೇವರ ಮೇಲೆ ಭಾರ ಹಾಕಿ ಉಳಿಗೆ ಏಟು ಕೊಡುತ್ತಿದ್ದನೋ ಏನೋ. ಆದರೆ ಈ ಬೇವು ರೇಣುಕಮ್ಮನ ಅಂಗಳದ್ದು. ಬಿ.ದುರ್ಗಕ್ಕೆ ಸೊಸೆಯಾಗಿ ಬಂದ ವರ್ಷ ಅವಳೇ ನೆಟ್ಟಿದ್ದು. ಮಕ್ಕಳ ಜೋಲಿಯನ್ನು ಕಟ್ಟಿದ್ದು ಅದರ ಕೊಂಬೆಗೇ. ಹೊಸ ಮನೆಯ ಪಾಯ ಸರಿಯಾಗಿ ಮರದ ಮೇಲೇ ಬಂದು ಕೂತಾಗ ಅವಳು ಊಟ ಬಿಟ್ಟು ಕೂತಿದ್ದಳು. ಮಕ್ಕಳು ಗೋಗರೆದ ಮೇಲೆ ಹೂಂ ಎಂದಿದ್ದೂ ಒಂದೇ ಮಾತಿನ ಮೇಲೆ. ಅದನ್ನು ಮಕ್ಕಳಿಗೆ ಹೇಳಿರಲಿಲ್ಲ, ದುರ್ಗೇಶನ ಕೈ ಹಿಡಿದು ಹೇಳಿದ್ದಳು: "ಮರ ಬಾಗ್ಲಾಗಾದ್ರೂ ಇರ್ಲಿ. ಆದ್ರೆ ಅಂಗಳದಾಗ್ ಹೆಂಗ್ ನಿಂತಿತ್ತೋ ಹಂಗೇ ನಿಲ್ಲಿಸ್ಬೇಕು ನೋಡಪ್ಪ."

ಅಂಥ ಮರವನ್ನು ತಲೆಕೆಳಗು ಮಾಡಿ, ಅದರಡಿ ಅವಳನ್ನು ದಿನಾ ಓಡಾಡಿಸುವುದು ಹೇಗೆ? ದುರ್ಗೇಶ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಬೈಗುಳಕ್ಕೆ ತಯಾರಾಗಿ ನಿಂತ. ಅವಳು ಬಂದು ಕಂಬದ ಎರಡೂ ಕೊನೆಗಳನ್ನು ಸವರಿ, ಮುಂದೇನು ಮಾಡುತ್ತೀಯ ಎಂದಷ್ಟೇ ಕೇಳಿದಳು.

ಅವನಿಗೆ ಅಪ್ಪ ಹೇಳುತ್ತಿದ್ದ ಮಾತೊಂದು ಗೊತ್ತಿತ್ತು. ಬುಡ ಯಾವುದೆಂದು ತಿಳಿಯದಿದ್ದರೆ ನೀರನ್ನು ಕೇಳಬೇಕಂತೆ, ತೇಲಿಬಿಟ್ಟರೆ ಭಾರವಾದ ಬುಡದ ಕಡೆ ತಗ್ಗುತ್ತದಂತೆ. ಅವನು ನೋಡಿರಲಿಲ್ಲ, ನಂಬಿಯೂ ಇರಲಿಲ್ಲ. ಕೆಲಸದ ಬೇಸರ ಕಳೆಯಲು ಅಪ್ಪ ಹೇಳುತ್ತಿದ್ದ ಮಾತೆಂದುಕೊಂಡಿದ್ದ. ಈಗ ಬೇರೆ ದಾರಿಯಿರಲಿಲ್ಲ, ಕೆರೆಯಲ್ಲಿ ನೀರಿತ್ತು.

ಒಂದು ಕೊನೆಗೆ ದುರ್ಗೇಶ, ಇನ್ನೊಂದಕ್ಕೆ ರೇಣುಕಮ್ಮ ಹೆಗಲು ಕೊಟ್ಟರು. ಯಾರ ಕಡೆ ಭಾರ ಹೆಚ್ಚೆಂದು ಅವಳು ದಾರಿಯುದ್ದಕ್ಕೂ ಕೇಳಿದಳು. ಇಬ್ಬರಿಗೂ ತಮ್ಮ ಕಡೆಯೇ ಭಾರವೆನಿಸುತ್ತಿತ್ತು. ತಮಾಷೆ ನೋಡಲು ಕಲ್ಲೇಶನೂ ಹಿಂದೆ ಬಂದ.

ದುರ್ಗೇಶ ಮೊಣಕಾಲುದ್ದ ನೀರಿಗಿಳಿದು ಕಂಬವನ್ನು ಮೆಲ್ಲಗೆ ತೇಲಿಬಿಟ್ಟ. ಅದು ಮಟ್ಟಸವಾಗಿ ತೇಲಿತು. ಹಿಂದೆ ಕಲ್ಲೇಶ ಕಿಸಕ್ಕನೆ ನಕ್ಕ. ಅಲೆಗಳು ನಿಂತವು. ಆಮೇಲೆ ದಡದ ಕಡೆಗಿದ್ದ ಕೊನೆ, ಅವಸರವೇ ಇಲ್ಲದೆ, ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ದುರ್ಗೇಶ ಕಂಬವನ್ನು ಹಿಂದುಮುಂದಾಗಿ ತಿರುಗಿಸಿ ಮತ್ತೆ ಬಿಟ್ಟ. ಈಗ ಆಚೆ ಕಡೆಗೆ ಹೋಗಿದ್ದ ಅದೇ ಕೊನೆ ಮತ್ತೆ ನೀರಿನಲ್ಲಿ ತಗ್ಗಿತು.

ಅದರ ಮೇಲೆ ಕೊಡಲಿ ಬಿದ್ದಿತ್ತು, ಗರಗಸ ಹಾದಿತ್ತು, ಒಂದು ವರ್ಷದ ಬಿಸಿಲು ತಿಂದಿತ್ತು. ತೊಗಟೆ, ಕೊಂಬೆ, ಗುರುತು ಎಲ್ಲ ಹೋದ ಮೇಲೂ ಮರಕ್ಕೆ ತನ್ನ ನೆಲ ಯಾವ ಕಡೆ ಎನ್ನುವುದು ನೆನಪಿತ್ತು. ಇಷ್ಟು ಕಾಲ ತಾನು ಏನನ್ನು ಕೊಯ್ಯುತ್ತಿದ್ದೆ ಎಂದು ಅವನಿಗೆ ದಿಗಿಲಾಯಿತು. ಕೈಮುಗಿಯಬೇಕೆನಿಸಿದರೂ ಕಲ್ಲೇಶನೆದುರು ನಾಚಿಕೆಯಾಯಿತು. ತಿರುಗಿ ನೋಡಿದರೆ ಕಲ್ಲೇಶ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ.

ದುರ್ಗೇಶ ಗುರುತು ಹಾಕಲು ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ರೇಣುಕಮ್ಮ ಸೀರೆ ಎತ್ತಿಕಟ್ಟದೆಯೇ ನೀರಿಗಿಳಿದಿದ್ದಳು.

"ಬ್ಯಾಡ ಬಿಡಪ್ಪ," ಎಂದು, ಮುಳುಗಿದ ಕೊನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ವಾಪಸ್ ಹೋಗುವಾಗ ಯಾರೂ ಭಾರದ ಮಾತೆತ್ತಲಿಲ್ಲ. ದಾರಿಯಲ್ಲಿ ಎದುರಾದವರು ಕಲ್ಲೇಶನಿಗೆ ಹೊರಲು ಕೊಡಬಾರದೇ ಎಂದರೂ ಅವಳು ಆ ಕೊನೆಯನ್ನು ಬಿಡಲಿಲ್ಲ. ಮನೆಯ ಮುಂದೆ ಕಂಬ ಇಳಿಸಿ, ದುರ್ಗೇಶ ಉಳಿ ತೆಗೆದುಕೊಂಡು ಬರುವವರೆಗೂ ಅವಳ ಕೈ ಬುಡದ ಮೇಲೇ ಇತ್ತು.