ಸುಭದ್ರಮ್ಮನ ಕಾಲಿಗೆ ಕೆಲಸ ಸಿಕ್ಕಿತು

ಡಮ್ ಡಮ್‌ನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಎರಡನೇ ಮಹಡಿಯ ಬಾಲ್ಕನಿಯಿಂದ ದಿನಾ ಬೆಳಗ್ಗೆ ಎಂಟಕ್ಕೆ ಒಂದು ಚೀಲ ಹಗ್ಗಕ್ಕೆ ಜೋತುಬಿದ್ದು ಕೆಳಗಿಳಿಯುತ್ತಿತ್ತು. ತರಕಾರಿ ಗಾಡಿಯವನು ಅದರಲ್ಲಿ ಪಟೋಲ್, ಬದನೆ, ಹಸಿಮೆಣಸಿನಕಾಯಿ ತುಂಬಿ “ಟಾನುನ್ ಬೌದಿ!”, ಎಳೀರಿ ಅತ್ತಿಗೆ, ಎಂದು ಬಂಗಾಳಿಯಲ್ಲಿ ಕೂಗಿದರೆ, ಮೇಲಿನಿಂದ ಸುಭದ್ರಮ್ಮ ಎಳೆದುಕೊಳ್ಳುತ್ತಿದ್ದರು. ಕಲ್ಕತ್ತೆಯಲ್ಲಿ ಇದೇನೂ ಹೊಸದಲ್ಲ, ಎಷ್ಟೋ ಮನೆಗಳಲ್ಲಿ ಹೀಗೇ. ಆದರೆ ಸುಭದ್ರಮ್ಮನ ಗಂಡ ಮಾದಪ್ಪನವರು ಅದಕ್ಕೊಂದು ರಾಟೆಯನ್ನೂ ಜೋಡಿಸಿದ್ದರು. ಎರಡು ಬೆರಳಲ್ಲಿ ಎಳೆದರೆ ಸಾಕು, ಮೂರು ಕಿಲೋ ಆಲೂಗಡ್ಡೆ ತಾನಾಗಿ ಮೇಲೆ ಬರುತ್ತಿತ್ತು.

ಮಾದಪ್ಪನವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಟೆಕ್ನಿಷಿಯನ್. ಹೆಂಡತಿಗೆ ತೊಂಬತ್ತೆರಡು ಕಿಲೋ ತೂಕ, ಮಂಡಿನೋವು. ಹಾಗಾಗಿ ಆಕೆ ಕಷ್ಟಪಡಬಾರದೆಂದು ಮನೆಯಲ್ಲಿ ಏನೇನೋ ಮಾಡಿಟ್ಟಿದ್ದರು. ಅಡುಗೆಮನೆಯಲ್ಲಿ ಚಕ್ರದ ಕುರ್ಚಿ. ಮಂಚದ ಪಕ್ಕದಲ್ಲೇ ಫ್ಯಾನಿನ ಸ್ವಿಚ್ಚು. ನೀರು ತರುವುದು, ಬಟ್ಟೆ ಒಣಗಿಸುವುದು ಎಲ್ಲ ಅವರದೇ. ಸುಭದ್ರಮ್ಮ ಮೆಟ್ಟಿಲಿಳಿದು ಎಂಟು ತಿಂಗಳಾಗಿತ್ತು. ಇಂಥ ಗಂಡ ಯಾರಿಗುಂಟು ಎಂದು ನೆರೆಯವರು ಹೊಟ್ಟೆಕಿಚ್ಚು ಪಡುತ್ತಿದ್ದರು. ನನಗೂ ಸ್ವಲ್ಪ ಆಗಿತ್ತು ಅನ್ನಿ.

ಮಗಳು ಶ್ರೀರಕ್ಷಾಗೆ ಸೆಕ್ಟರ್ ಫೈವ್‌ನ ಐಟಿ ಕಂಪನಿಯಲ್ಲಿ ಕೆಲಸ. ಅವಳ ಸೀಮಂತ ಈ ಮನೆಯಲ್ಲೇ ಆಯಿತು. ಮಗಳಿಗೆ ಅರಿಸಿನ ಹಚ್ಚಲು ಸುಭದ್ರಮ್ಮ ಹುಮ್ಮಸ್ಸಿನಿಂದ ಮಣೆಯ ಮೇಲೆ ಕೂತರು. ಏಳಲು ಆಗಲಿಲ್ಲ. ಬಲಗೈ ಊರಿದರು, ಎಡಗೈ ಊರಿದರು. ಕೊನೆಗೆ ಇಬ್ಬರು ರಟ್ಟೆ ಹಿಡಿದು ಎತ್ತಬೇಕಾಯಿತು. ಬಂದವರಲ್ಲಿ ಯಾರೋ ಕಿಸಕ್ಕೆಂದರು. ಹಾಗೆ ನಕ್ಕವರಿಗೆ ಏನು ಸಿಕ್ಕಿತೋ ನನಗೆ ಗೊತ್ತಿಲ್ಲ.

ಮಾರನೆಯ ದಿನ ಶ್ರೀರಕ್ಷಾ ತಾಯಿಯ ಕೈ ಹಿಡಿದು ಹೇಳಿದಳು.

“ಅಮ್ಮಾ, ಡೋಂಟ್ ಫೀಲ್ ಬ್ಯಾಡ್. ಬೇಬಿ ಸ್ನಾನಕ್ಕೆ ನಾನು ಆಯಾ ಬುಕ್ ಮಾಡ್ದೆ. ನೀನು ಟೆನ್ಷನ್ ತಗೋಬೇಡ, ಆರಾಮಾಗಿ ಕೂತ್ಕೊಂಡು ನೋಡು.”

ಮಗಳು ಹೇಳಿದ್ದು ಪ್ರೀತಿಯಿಂದಲೇ. ಆದರೆ ಸುಭದ್ರಮ್ಮನಿಗೆ ಎದೆ ಒಡೆದಂತಾಯಿತು. ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹುಯ್ಯುವುದು ಅಜ್ಜಿಯ ಕೆಲಸ. ಸುಭದ್ರಮ್ಮನ ತಾಯಿ ಶ್ರೀರಕ್ಷಾಗೆ ಹಾಗೇ ಮಾಡಿದ್ದರು. ಈಗ ತಮ್ಮ ಸರದಿ ಬಂದಾಗ ಕಾಲೇ ಕೈಕೊಟ್ಟಿತ್ತು.

ಆ ದಿನದಿಂದ ಅವರು ರಾತ್ರಿಯ ಊಟ ಬಿಟ್ಟರು. ಬರೀ ಮಂಡಕ್ಕಿ, ಚಹ. ಮೂರು ವಾರಕ್ಕೆ ನಾಲ್ಕು ಕಿಲೋ ಇಳಿದರು. ಮಾದಪ್ಪನವರು ಭೇಷ್ ಅಂದರು. ನಾಲ್ಕನೇ ವಾರ ಬಚ್ಚಲಲ್ಲಿ ತಲೆ ಸುತ್ತಿ ಗೋಡೆ ಹಿಡಿದು ಕುಸಿದರು. ರಕ್ತ ಪರೀಕ್ಷೆ ಮಾಡಿಸಿದರೆ ಮೂರು ತಿಂಗಳ ಸರಾಸರಿ ಸಕ್ಕರೆ ಲೆಕ್ಕ ಏಳೂವರೆ ದಾಟಿತ್ತು; ಆರೂವರೆ ಮುಟ್ಟಿದರೇ ಮಧುಮೇಹ. ಡಾಕ್ಟರು ಮಾತ್ರೆ ಬರೆದು, ಇವರನ್ನು ನೋಡಿ ಎಂದು ಫಿಸಿಯೋಥೆರಪಿಸ್ಟ್ ವಸುಂಧರಾ ಹತ್ತಿರ ಕಳಿಸಿದರು.

ವಸುಂಧರಾ ಧಾರವಾಡದವರು. ಕಲ್ಕತ್ತೆಗೆ ಬಂದು ಹನ್ನೆರಡು ವರ್ಷವಾದರೂ ಮಾತು ಮಾತ್ರ ಧಾರವಾಡದ್ದೇ. ಸುಭದ್ರಮ್ಮನ ತೊಡೆ ಮುಟ್ಟಿ ನೋಡಿದರು. ಕುರ್ಚಿಯಿಂದ ಎಬ್ಬಿಸಿ ನೋಡಿದರು. ಆಮೇಲೆ ಕೇಳಿದರು.

“ಮನ್ಯಾಗ ಎದ್ದು ಮಾಡೂವಂಥಾ ಕೆಲಸ ಏನೇನ್ ಮಾಡ್ತೀರಿ ಅಕ್ಕಾ?”

“ಏನೂ ಇಲ್ಲ ಕಣಮ್ಮ. ಎಲ್ಲಾ ಇವ್ರೇ ನೋಡ್ಕೋತಾರೆ” ಎಂದರು ಸುಭದ್ರಮ್ಮ. ಮಾದಪ್ಪನವರು ಎದೆಯುಬ್ಬಿಸಿ ಕೂತರು.

“ಅದ ಆಗಿದ್ದು ನೋಡ್ರಿ” ಎಂದರು ವಸುಂಧರಾ. “ಸ್ನಾಯು ಅಂದ್ರ ಬರೇ ಎತ್ತೂದು ಇಳಿಸೂದು ಅಷ್ಟ ಅಲ್ರಿ. ಅದು ಕೆಲಸ ಮಾಡೂವಾಗ ರಕ್ತದಾಗ ಒಂದ್ ನಮೂನಿ ಹಾರ್ಮೋನ್ ಬಿಡ್ತೈತಿ. ಮಯೋಕೈನ್ ಅಂತಾರ. ಅವು ಲಿವರ್‌ಗೆ, ಕೊಬ್ಬಿಗೆ, ಮೆದುಳಿಗೂ ಸುದ್ದಿ ಮುಟ್ಟಸ್ತಾವ. ಸಕ್ಕರಿ ಬಳಸ್ರಿ, ಕೊಬ್ಬು ಕರಗಸ್ರಿ ಅಂತ.”

ಮಾದಪ್ಪನವರಿಗೆ ಇದು ನಂಬುವ ಮಾತು ಅನ್ನಿಸಲಿಲ್ಲ.

“ಹಾರ್ಮೋನ್ ಅಂದ್ರೆ ಥೈರಾಯ್ಡು, ಗೀರಾಯ್ಡು. ಮಾಂಸಖಂಡದಿಂದ ಎಲ್ಲಾದ್ರೂ ಹಾರ್ಮೋನ್ ಬರುತ್ತೇನಮ್ಮ? ಬರೋದೇ ಆದ್ರೆ ಅದರ ಮಾತ್ರೆ ಬರ್ಕೊಡಿ. ತಂದ್ಕೊಡ್ತೀನಿ. ಇವಳನ್ನ ಕುಣಿಸೋದ್ಯಾಕೆ?”

“ಇದರ ಮಾತ್ರೆ ಅಂಗಡ್ಯಾಗ ಸಿಗೂದಿಲ್ರಿ. ಯಾರರ ಮಾರಾಕ ಬಂದ್ರ ನಂಬಬ್ಯಾಡ್ರಿ. ನೀವು ಸಿಗ್ನಲ್‌ನ್ಯಾಗ ಇದ್ದೀರಲ್ಲ? ಒಂದ್ ಸ್ಟೇಷನ್ನಿಂದ ಸಂದೇಶನ ಹೋಗ್ಲಿಲ್ಲಂದ್ರ ಮುಂದಿನ ಸ್ಟೇಷನ್ನಿನವ್ರು ಏನ್ ಮಾಡ್ತಾರ?”

“ಗಾಡಿ ನಿಂತೇ ಇರುತ್ತೆ.”

“ಅಕ್ಕಾರ ರಕ್ತದಾಗ ಸಕ್ಕರಿ ನಿಂತಂಗ. ಬೊಜ್ಜು ಜಾಸ್ತಿ ಇದ್ದಾಗ ಈ ಸಂದೇಶ ಕಡಿಮಿ ಹೋಗಬಹುದು, ಹೋದ್ರೂ ದೇಹ ಲಗೂನ ಕಿವಿಗೆ ಹಾಕ್ಕೊಳ್ಳೂದಿಲ್ಲ. ವಿಜ್ಞಾನಿಗಳು ಇನ್ನೂ ಇದನ್ನ ಹುಡಕಾಕ್ಹತ್ಯಾರ. ಆದ್ರ ಸ್ನಾಯುಗೆ ದಿನಾ ಕೆಲಸ ಕೊಟ್ರ ಭಾಳ ಮಂದಿಗೆ ಸಕ್ಕರಿ ಸುಧಾರಸ್ತೈತಿ, ತೂಕ ಇಳೀಲಿ ಬಿಡ್ಲಿ. ಉಪವಾಸ ಮಾಡಿ ಅಕ್ಕಾ ಕಳಕೊಂಡ ನಾಕ್ ಕಿಲೋದಾಗ ಸ್ನಾಯುನೂ ಹೋಗೇತಿ. ಹೊಟ್ಟಿ ಖಾಲಿ, ಕಾಲಾಗ ಬಲ ಇಲ್ಲ, ಅದಕ್ಕ ಬಿದ್ದದ್ದು.”

ಮಾದಪ್ಪನವರ ಮುಖ ಸಣ್ಣದಾಯಿತು. “ಹಾಗಾದ್ರೆ ನಾನೇ ಇವಳಿಗೆ ಕೇಡು ಮಾಡಿದ್ನಾ?”

“ಛೀ, ಬಿಡ್ರಿ ಅಂದ್ರೆ” ಎಂದರು ಸುಭದ್ರಮ್ಮ. ಕಣ್ಣಲ್ಲಿ ನೀರಿತ್ತು. “ನಾನು ಸೋಮಾರಿ ಅಂತ ಎಲ್ರೂ ಅಂದ್ಕೊಂಡಿದಾರೆ ಕಣಮ್ಮ. ನಾನೂ ಹಾಗೇ ಅಂದ್ಕೊಂಡಿದ್ದೆ.”

“ನೀವು ಸೋಮಾರಿ ಅಲ್ಲ ಅಕ್ಕಾ. ಬೊಜ್ಜು ಬರಾಕ ನೂರೆಂಟು ಕಾರಣ. ನಿಮ್ ಕಾಲಿಗೆ ಕೆಲಸ ಇರ್ಲಿಲ್ಲ, ಅಷ್ಟ. ಈಗ ಹೇಳ್ರಿ, ನಿಮಗ ಏನ್ ಆಗ್ಬೇಕು?”

“ಮೊಮ್ಮಗೂಗೆ ನೀರು ಹುಯ್ಯಬೇಕು. ನೆಲದ ಮೇಲೆ ಕೂತು ನಾನೇ ಏಳ್ಬೇಕು.”

ವಸುಂಧರಾ ನಗಲಿಲ್ಲ. ಕಾಗದ ತೆಗೆದು ಬರೆದುಕೊಟ್ಟರು. ಎತ್ತರದ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ದಿನಕ್ಕೆರಡು ಹೊತ್ತು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಗೋಡೆಗೆ ಕೈಯೂರಿ ತಳ್ಳುವುದು. ಊಟವಾದ ಮೇಲೆ ಹತ್ತು ನಿಮಿಷ ವರಾಂಡದಲ್ಲಿ ನಡೆಯುವುದು. ರಾತ್ರಿ ಊಟ ಬಿಡಬಾರದು. ಹೊತ್ತುಹೊತ್ತಿಗೆ ಬೇಳೆ, ಮೊಳಕೆ ಕಾಳು, ಮೊಸರು ಇರಲಿ, ಅನ್ನ ಒಂದು ಹಿಡಿ ಕಡಿಮೆ ಇರಲಿ. ಡಾಕ್ಟರು ಕೊಟ್ಟ ಮಾತ್ರೆ ತಾವಾಗಿಯೇ ನಿಲ್ಲಿಸುವಂತಿಲ್ಲ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಬೇಕು.

ಮೊದಲ ದಿನ ಮೂರು ಸಲ ಎದ್ದು ಕೂತದ್ದಕ್ಕೇ ತೊಡೆ ನಡುಗಿತು. ಮಾದಪ್ಪನವರು ಅಭ್ಯಾಸಬಲದಿಂದ ಕೈಚಾಚಿದರು. ಸುಭದ್ರಮ್ಮ ಗದರಿದರು. ಅವರು ಪೆಚ್ಚಾಗಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ಪಾಪ, ಮೂವತ್ತು ವರ್ಷದ ರೂಢಿ.

ಆದರೆ ಸುಮ್ಮನೆ ಕೂರುವ ಜೀವವಲ್ಲ ಅದು. ಹಳೇ ಮರದ ಹಲಗೆ ತಂದು ಮೂರು ಸ್ಟೂಲು ಮಾಡಿದರು. ಒಂದು ಮಂಡಿ ಎತ್ತರ, ಇನ್ನೊಂದು ಅದಕ್ಕಿಂತ ಒಂದು ಗೇಣು ಕಡಿಮೆ, ಮೂರನೆಯದು ಮಣೆಯಷ್ಟೇ. ಮೊದಲನೆಯದರಿಂದ ಸಲೀಸಾಗಿ ಎದ್ದರೆ ಎರಡನೆಯದಕ್ಕೆ ಬಡ್ತಿ.

ಆರು ವಾರವಾಯಿತು. ತೂಕ ನೋಡಿದರೆ ಇಳಿದದ್ದು ಅರ್ಧ ಕಿಲೋ.

“ಇಷ್ಟೇನಾ?” ಎಂದು ಸುಭದ್ರಮ್ಮ ಸ್ಟೂಲನ್ನು ಮೂಲೆಗೆ ಒದ್ದರು. “ಆಯಾನೇ ಬರ್ಲಿ. ನನ್ ಹಣೇಬರಹ ಇಷ್ಟೇ.”

ಮಾದಪ್ಪನವರಿಗೂ ಅನುಮಾನ ಮರುಕಳಿಸಿತು. ವಸುಂಧರಾಗೆ ಫೋನ್ ಮಾಡಿ, ಸ್ಟೂಲ್ ಒದ್ದದ್ದನ್ನೂ ಹೇಳಿ ದಬಾಯಿಸಿದರು. ವಸುಂಧರಾ ಒಂದೇ ಮಾತು ಕೇಳಿದರು.

“ಅಕ್ಕಾ ಈಗ ಸ್ಟೂಲ್ ಹೆಂಗ ಒದ್ರು?”

“ಕಾಲಲ್ಲಿ.”

“ಇನ್ನೊಂದು ಕಾಲ ಮ್ಯಾಲೆ ನಿಂತು? ಯಾರನ್ನೂ ಹಿಡ್ಕೊಳ್ಳದ?”

ಮಾದಪ್ಪನವರು ಫೋನ್ ಕಿವಿಯಲ್ಲಿಟ್ಟುಕೊಂಡೇ ಹೆಂಡತಿಯತ್ತ ನೋಡಿದರು. ಹೌದಲ್ಲ! ಸೀಮಂತದ ದಿನ ಒಂದು ಕಾಲೆತ್ತಿ ಹೊಸ್ತಿಲು ದಾಟಲೂ ಬಾಗಿಲು ಹಿಡಿಯುತ್ತಿದ್ದ ಹೆಂಗಸು. ಇಬ್ಬರೂ ಗೊಳ್ಳೆಂದು ನಕ್ಕರು. ಸ್ಟೂಲು ಮೂಲೆಯಿಂದ ವಾಪಸು ಬಂತು. ಮುಂದಿನ ವಾರ ಸುಭದ್ರಮ್ಮ ಗಾಡಿಯವನ ಹತ್ತಿರ ತಾವೇ ಇಳಿದು ಹೋದರು, ನಿಧಾನವಾಗಿ, ಕಂಬಿ ಹಿಡಿದು. ಬದನೆಕಾಯನ್ನು ತಾವೇ ಮುಟ್ಟಿ ನೋಡಿ ಆರಿಸಿದರು. ಇಷ್ಟು ದಿನ ಹುಳುಕು ತುಂಬಿ ಕಳಿಸುತ್ತಿದ್ದೆಯಾ ಎಂದು ಜಗಳವನ್ನೂ ಆಡಿದರು.

ಶ್ರೀರಕ್ಷಾಗೆ ಹೆಣ್ಣುಮಗು ಹುಟ್ಟಿತು. ಆ ವಾರವೇ ಸುಭದ್ರಮ್ಮನ ರಕ್ತ ಪರೀಕ್ಷೆಯೂ ಆಯಿತು. ಸಕ್ಕರೆ ಲೆಕ್ಕ ಆರು ಪಾಯಿಂಟ್ ಎಂಟಕ್ಕೆ ಇಳಿದಿತ್ತು. ಮಾತ್ರೆ ಮತ್ತು ಸ್ನಾಯು ಎರಡೂ ಸೇರಿ ಮಾಡಿದ ಕೆಲಸ ಇದು, ಎರಡನ್ನೂ ಬಿಡಬೇಡಿ ಎಂದರು ಡಾಕ್ಟರು.

ಕೂಸಿನ ಹೊಕ್ಕುಳು ಬಿದ್ದು ಒಣಗಿದ ಮೇಲೆ ಸ್ನಾನದ ದಿನ ಬಂತು. ಆಯಾ ಬಂದು ನಿಂತಿದ್ದಳು. ಸುಭದ್ರಮ್ಮ ಸೀರೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿದರು. “ಕೊಡು ಇಲ್ಲಿ” ಎಂದರು.

“ಅಮ್ಮಾ, ಆರ್ ಯು ಶೂರ್?” ಎಂದಳು ಶ್ರೀರಕ್ಷಾ.

“ಕೊಡೇ.”

ಕೂಸು ಮೊದಲು ಕಿರುಚಿತು. ಬೆಚ್ಚನೆ ನೀರು ಬೆನ್ನ ಮೇಲೆ ಬಿದ್ದದ್ದೇ ತೆಪ್ಪಗಾಯಿತು. ಅಜ್ಜಿಯ ಕಾಲು ಅಲುಗಲಿಲ್ಲ. ಸ್ನಾನ ಮುಗಿಯಿತು. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗಿತ್ತರು. ಇನ್ನು ಏಳಬೇಕು. ಸುಭದ್ರಮ್ಮ ಮಗ್ಗುಲಾದರು, ಒಂದು ಮಂಡಿ ಊರಿದರು, ತೊಡೆಯ ಮೇಲೆ ಕೈ ಒತ್ತಿ ಒಮ್ಮೆ ಹೂಂಕರಿಸಿ ಎದ್ದು ನಿಂತೇಬಿಟ್ಟರು.

ಶ್ರೀರಕ್ಷಾ ಕೂಸನ್ನು ಅಪ್ಪಿಕೊಂಡು ಅತ್ತಳು. “ಸಾರಿ ಅಮ್ಮಾ” ಅಂದಳು. ಮಾದಪ್ಪನವರು ಬಾಗಿಲ ಹೊರಗೆ ನಿಂತು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅವರಿಗೆ ಯಾರೂ ನೀರು ಎರಚಿರಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಮೈಭಾರದವರು ಇದ್ದಾರು. ಅವರನ್ನು ನೋಡಿ ನಗಬೇಡಿ. ಉಪವಾಸ ಕೆಡವಬೇಡಿ. ಪ್ರೀತಿ ಹೆಚ್ಚಾಗಿ ಅವರ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳಲೂ ಬೇಡಿ. ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ, ಅವರ ಸ್ನಾಯುಗಳಿಗೆ ದಿನಾ ಇಷ್ಟಿಷ್ಟೇ ಕೆಲಸ ಕೊಡಿ. ತೂಕದ ಯಂತ್ರ ಮುಖ ತಿರುಗಿಸಿದರೂ ಬಿಡಬೇಡಿ. ನಿಮ್ಮದೇ ಮೈಭಾರವಾದರೆ, ಈ ಹಾಳೆಯನ್ನು ಪಕ್ಕಕ್ಕಿಟ್ಟು ಕುರ್ಚಿಯ ಕೈ ಹಿಡಿಯದೆ ಒಮ್ಮೆ ಎದ್ದು ನೋಡಿ. ಆಗಲಿಲ್ಲವೆ? ಹಿಡಿದುಕೊಂಡೇ ಏಳಿ, ನಾಚಿಕೆ ಬೇಡ. ನಾಳೆಯೂ ಏಳಿ.