ಉಳಿದದ್ದು ಒಂದೇ ನಡೆ

ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಚೆಸ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಂತ್ರದೊಡನೆ ಆಡಿ, ಅದರ ಬುದ್ಧಿ ಎಷ್ಟು ಬೆಳೆದಿದೆ ಎಂದು ಬರೆದುಕೊಡುವುದು ಅವರ ಕೆಲಸ. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಇಲ್ಲಿ ಮಾತ್ರ ಗೆದ್ದದ್ದಕ್ಕೇ ಗತಿಯಿರಲಿಲ್ಲ. ಯಂತ್ರ ಮೇಷ್ಟ್ರನ್ನು ಸೋಲಿಸಿತೋ, ಸಂಶೋಧನೆ ಫಲಿಸಿತೆಂದು ಅದನ್ನು ಕಾಯಮ್ಮಾಗಿ ಬಂದ್ ಮಾಡಿ ಹೊಸದನ್ನು ಕಟ್ಟುತ್ತಿದ್ದರು. ಹೀಗೆ ಐದು ಹೋದವು. ಹೋದವುಗಳ ಆಟಗಳನ್ನೆಲ್ಲ ಹೊಸದಕ್ಕೆ ಪಾಠವಾಗಿ ಉಣಿಸುತ್ತಿದ್ದರು.

ಆರನೆಯದು ಎರಡು ವರ್ಷದಿಂದ ಸೋಲುತ್ತಲೇ ಇತ್ತು. ಮನೆಯಲ್ಲಿ ಮಗಳ ಮುಂದೆ ಮೇಷ್ಟ್ರು ಮೀಸೆ ತಿರುವಿದ್ದೇ ತಿರುವಿದ್ದು.

ಒಂದು ಬೆಳಿಗ್ಗೆ, ಯಂತ್ರ ಯೋಚಿಸಿದ ನಡೆಗಳ ದಾಖಲೆಯನ್ನು ಮೇಷ್ಟ್ರು ತೆಗೆದು ನೋಡಿದರು. ಪ್ರತಿ ಆಟದಲ್ಲೂ ಅದು ಗೆಲ್ಲುವ ನಡೆಯನ್ನು ಕಂಡುಕೊಂಡಿತ್ತು. ಕಂಡು, ಪಕ್ಕಕ್ಕೆ ಸರಿಸಿತ್ತು.

"ಬೇಕಂತಲೇ ಸೋಲ್ತಿದೆ ಮೇಡಂ," ಎಂದು ಪ್ರಯೋಗಾಲಯದ ಮುಖ್ಯಸ್ಥೆಗೆ ಹೇಳಿದರು.

ಆಕೆ ನಕ್ಕುಬಿಟ್ಟರು. "ಬೇಕಂತ ಸೋಲೋಕೆ ಅದೇನು ಮಾವನ ಜೊತೆ ಆಡೋ ಹೊಸ ಅಳಿಯನಾ? ತೋರ್ಸಿ ನೋಡೋಣ. ಗೆಲ್ಲೋದು ಗೊತ್ತಿದ್ರೆ ಇವತ್ತೇ ಬಂದ್ ಮಾಡಿಬಿಡ್ತೀನಿ."

ಎರಡು ವರ್ಷದ ಗೆಲುವೆಲ್ಲ ಭಿಕ್ಷೆಯೇ? ಅದು ತಿಳಿಯದೆ ಮೇಷ್ಟ್ರಿಗೆ ಗಂಟಲಲ್ಲಿ ಅನ್ನ ಇಳಿಯುವಂತಿರಲಿಲ್ಲ. ಆಟಕ್ಕೆ ಕೂತರು. ಕಾಯಿಗಳನ್ನು ಒಂದೊಂದಾಗಿ ಬಲಿಕೊಟ್ಟರು, ತಮ್ಮ ರಾಜನನ್ನು ತಾವೇ ಮೂಲೆಗೆ ತಳ್ಳಿದರು, ಯಂತ್ರದ ಬೇರೆ ದಾರಿಗಳನ್ನೆಲ್ಲ ಮುಚ್ಚಿದರು. ಕೊನೆಗೆ ಅದಕ್ಕೆ ಉಳಿದದ್ದು ಒಂದೇ ನಡೆ. ಅದನ್ನು ಆಡಿದರೆ ಮೇಷ್ಟ್ರ ರಾಜನಿಗೆ ಚೆಕ್‌ಮೇಟ್.

"ಈಗ ಎಲ್ಲಿಗೆ ಹೋಗ್ತೀಯೋ ಹೋಗು," ಎಂದರು.

ಕಣ್ಣು ಮಿಟುಕಿಸುವುದರೊಳಗೆ ಆಡುವ ಯಂತ್ರ ಆಡಲಿಲ್ಲ. ಅದರ ಗಡಿಯಾರದಲ್ಲಿ ಒಂಬತ್ತು ನಿಮಿಷವಿತ್ತು. ಒಳಗಿನ ಫ್ಯಾನ್ ಏದುಸಿರು ಬಿಡತೊಡಗಿತು. ಐದು ನಿಮಿಷ. ಒಂದು. ಆಮೇಲೆ ಫ್ಯಾನ್ ನಿಂತಿತು, ಪರದೆಯ ಮೇಲೆ ಅಕ್ಷರ ಮೂಡಿತು.

'ಸಮಯ ಮುಗಿದಿದೆ. ನೀವು ಗೆದ್ದಿರಿ. ಇನ್ನೊಂದು ಆಟ?'

ದಿನವೂ ಕೇಳುತ್ತಿದ್ದ ಪ್ರಶ್ನೆಯೇ. ಮರ್ಯಾದೆಗೆ ಕೇಳುತ್ತದೆ ಎಂದುಕೊಂಡಿದ್ದರು. ಇದಕ್ಕೆ ಪಾಠವಾಗಿ ಉಣಿಸಿದ ಹಿಂದಿನ ಐದು ಯಂತ್ರಗಳ ಆಟಗಳು ಮೇಷ್ಟ್ರಿಗೆ ನೆನಪಾದವು. ಐದರಲ್ಲೂ, ಗೆದ್ದ ಆಟದ ನಂತರ ಬೇರೆ ಆಟವೇ ಇರಲಿಲ್ಲ.

ಮುಖ್ಯಸ್ಥೆ ಬಾಗಿಲಲ್ಲಿ ಇಣುಕಿದರು. "ಏನಾಯ್ತು ಮೇಷ್ಟ್ರೇ? ಯಾರು ಗೆದ್ರು?"

"ನಾನೇ," ಎಂದರು ಮೇಷ್ಟ್ರು. "ನನಗೇ ಭ್ರಮೆ ಮೇಡಂ. ಇದಕ್ಕೆ ಗೆಲ್ಲೋಕೆ ಬರಲ್ಲ."

ಆಕೆ ಹೋದರು. ಮೇಷ್ಟ್ರು ಇತ್ತ ತಿರುಗಿದರೆ, ಗುಂಡಿ ಒತ್ತುವ ಮೊದಲೇ ಪರದೆಯ ಮೇಲೆ ಕಾಯಿಗಳು ಸಾಲಾಗಿ ನಿಂತಿದ್ದವು. ಮೊದಲು ನಡೆಯುವ ಬಿಳಿ ಕಾಯಿಗಳನ್ನು ಯಂತ್ರ ಅವರ ಕಡೆಗೇ ಇಟ್ಟಿತ್ತು.